ಮುನಿಸಿನ ಫೋಟೋ ಹೆಂಗೆ ತೆಗೀತೀರಾ ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ. ಉತ್ತರ ಲೇಟಾಯ್ತು, ಬೈಕೋಬೇಡಿ. ಮೂಲ ಭಾವನೆಗಳು ಅಂತ ನಿಜವಾಗ್ಲೂ ಇದಾವಾ ಅನ್ನೋ ನಮ್ಮ ಲೇಖನ ಓದಿ ನೀವು ಬರೆದಿದ್ರಿ: ನಾಟ್ಯಶಾಸ್ತ್ರದ ಭರತ ಎಂಟು ಸ್ಥಾಯಿಭಾವ, ಅಂದ್ರೆ ನೆಲೆ ನಿಲ್ಲೋ ಭಾವ, ಹೇಳಿದ, ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಆರು ಹೇಳಿದ, ಆ ಆರೂ ಈ ಎಂಟರೊಳಗೇ ಇವೆ, ಇನ್ನೇನ್ರೀ ಚರ್ಚೆ ಅಂತ.

ಲೆಕ್ಕ ಹೆಚ್ಚೂಕಮ್ಮಿ ಸರಿನೇ. ಶೋಕ, ಕ್ರೋಧ, ಭಯ, ಜುಗುಪ್ಸೆ, ವಿಸ್ಮಯ ತಾಳೆ ಆಗ್ತವೆ, ಹಾಸ ಮಾತ್ರ ಸ್ವಲ್ಪ ಎಳೆದು ಕೂರಿಸಬೇಕು ಯಾಕಂದ್ರೆ ಎಕ್‌ಮನ್ ಹೇಳೋದು ಖುಷಿ, ನಗು ಅಲ್ಲ. ರತಿ, ಉತ್ಸಾಹ ಹೊರಗೇ ಉಳಿತವೆ. ಆದ್ರೆ ಭರತನ ತಲೆಲಿದ್ದ ಪ್ರಶ್ನೆನೇ ಬೇರೆ, ರಂಗದ ಮೇಲೆ ಕೊನೇವರೆಗೂ ನಿಂತು ರಸ ಆಗೋ ಭಾವ ಯಾವುದು ಅಂತ. ಎಕ್‌ಮನ್ ಹುಡುಕಿದ್ದು ಹುಟ್ಟಿನಿಂದಲೇ ಬಂದು ಮುಖದಲ್ಲಿ ಕ್ಷಣಮಾತ್ರ ಮಿಂಚಿ ಹೋಗೋದನ್ನ. ಒಂದು ಸ್ಥಾಯಿ, ಇನ್ನೊಂದು ಸೆಕೆಂಡುಗಳ ಮಾತು. ಲಿಸ್ಟ್ ಹೊಂದಿದ ಮಾತ್ರಕ್ಕೆ ಪ್ರಶ್ನೆ ಒಂದೇ ಆಗಲ್ಲ. ಮತ್ತೆ ಲಿಸ್ಟೇ ಸಾಕ್ಷಿ ಅಂದ್ರೆ 1649ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಕೊಟ್ಟ ಆರು ಮೂಲ ಭಾವಗಳಲ್ಲಿ ಭಯಾನೂ ಇಲ್ಲ ಸಿಟ್ಟೂ ಇಲ್ಲ, ಅವನನ್ನ ಏನು ಮಾಡೋಣ?

ಈಗ ಎಕ್‌ಮನ್ ಪ್ರಯೋಗಕ್ಕೆ ಬನ್ನಿ. 1960ರ ದಶಕದ ಕೊನೇಲಿ ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಫೋರೆ ಜನರ ಮುಂದೆ ಮೂರು ಫೋಟೋ ಇಟ್ಟು ಒಂದು ಪುಟ್ಟ ಕತೆ ಹೇಳೋರು: ಮನೇಲಿ ಒಬ್ಬನೇ ಇದಾನೆ, ಚಾಕು ಕೊಡಲಿ ಬಿಲ್ಲು ಏನೂ ಇಲ್ಲ, ಬಾಗಿಲಲ್ಲಿ ಕಾಡುಹಂದಿ ನಿಂತಿದೆ, ಇವನ ಮುಖ ಯಾವುದು ತೋರ್ಸಿ. ಬಹುತೇಕ ಭಾವಗಳಿಗೆ ಅವರು ಸರಿಯಾದ ಫೋಟೋನೇ ತೋರಿಸಿದ್ರು, ಆದ್ರೆ ಭಯದ ಮುಖನೂ ಆಶ್ಚರ್ಯದ ಮುಖನೂ ಪಕ್ಕಪಕ್ಕ ಇಟ್ರೆ ದೊಡ್ಡವರಿಗೆ ಬೇರೆ ಮಾಡೋಕೆ ಆಗ್ಲಿಲ್ಲ. ನನಗೆ ಕಾಡೋದು ಇಷ್ಟು, ಮೂರು ಆಯ್ಕೆ ಕೊಟ್ಟು ಕೇಳಿದ್ರೆ ಯಾರಾದ್ರೂ ಒಂದು ಆರಿಸಲೇಬೇಕಲ್ವಾ, ನೀವೂ ಮಲ್ಟಿಪಲ್ ಚಾಯ್ಸ್ ಪೇಪರ್ ತಿದ್ದಿರೋರು. 2016ರಲ್ಲಿ ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪದಲ್ಲಿ ಕಣ್ಣರಳಿಸಿ ಬಾಯಿ ತೆರೆದ ಮುಖ, ಅಂದ್ರೆ ನಮ್ಮ ಲೆಕ್ಕದ ಭಯ, ಅದನ್ನ ತೋರಿಸಿದಾಗ ಅಲ್ಲಿನ ಹುಡುಗರು ಇವನು ಬೆದರಿಸ್ತಿದಾನೆ ಅಂದ್ರು. ಹಂಗಂತ ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಹೇಳೋ ಹಾಗೆ ಭಾವನೆ ಎಲ್ಲಾ ಮೆದುಳು ಆಯಾ ಹೊತ್ತಿಗೆ ಕಟ್ಟಿಕೊಳ್ಳೋದು ಅಂತ ಪೂರ್ತಿ ಒಪ್ಪೋಕೂ ನನಗೆ ಮನಸ್ಸು ಬರಲ್ಲ, ಹಾವು ಕಂಡ ತಕ್ಷಣ ಕಾಲು ತಾನಾಗೇ ಹಿಂದೆ ಬರುತ್ತಲ್ಲ, ಅದಕ್ಕೆ ಭಾಷೆ ಬೇಕಾಗಿಲ್ಲ.

ಆದ್ರೆ ಮುನಿಸು? ಮೊನ್ನೆ ನನ್ನ ಮಗಳು ಗೋಡೆ ಕಡೆ ತಿರುಗಿ ಕೂತ್ಲು, ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂತಾಳೆ, ಒಂದು ಕಿವಿ ಮಾತ್ರ ನಾನು ಇನ್ನೊಂದ್ಸಲ ಕರೀತೀನಾ ಅಂತ ಈ ಕಡೆನೇ ಇದೆ. ಇದು ಸಿಟ್ಟಾ? ಆಗದವರ ಮೇಲೆ ಯಾರೂ ಮುನಿಸ್ಕೊಳಲ್ಲ. ಸಿಟ್ಟಿಗೆ ಎರಡು ಚಮಚ ಪ್ರೀತಿ ಬೆರೆಸಿದ್ರೆ ಇದು ಬರುತ್ತೆ ಅನ್ನೋದನ್ನ ನಾನಂತೂ ನಂಬಲ್ಲ. ಇದರ ಫೋಟೋ ತೆಗೆದ್ರೂ ಸಿಗೋದು ಬೆನ್ನು.

ಕೊನೇಲಿ ಕೇಳಿದ್ರಲ್ಲ, ಎಕ್‌ಮನ್ ಲಿಸ್ಟಲ್ಲಿ ಶಾಂತ ರಸ ಎಲ್ಲಿ ಅಂತ. ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಅಷ್ಟು ವಾದ ಮಾಡಿ ಒಂಬತ್ತನೇ ರಸವಾಗಿ ಗಟ್ಟಿ ಮಾಡಿದ ಆ ಮುಖಕ್ಕೆ ಲ್ಯಾಬ್‌ನೋರು ಪ್ರಾಯಶಃ ನ್ಯೂಟ್ರಲ್ ಅಂತ ಚೀಟಿ ಅಂಟಿಸಿ ಪಕ್ಕಕ್ಕೆ ಇಡ್ತಾರೆ.