ಉಳಿದ ಬೋಲ್ಟ್ ಎಂದರೆ ಮುಗಿಯದ ಕೆಲಸ

ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾದ ಕೂಡಲೇ ಮಲೆನಾಡಿನ ಹೋಂಸ್ಟೇಗಳಲ್ಲಿ ನಾಲ್ಕು ಚಕ್ರದ ಕ್ವಾಡ್ ಬೈಕ್ ಬಿಚ್ಚುವ ಕೆಲಸ ಶುರುವಾಗುತ್ತದೆ. ಒಂದೆರಡು ತಿಂಗಳು ಕಳೆದರೆ ಒಂದೇ ಬಗೆಯ ಪ್ರಶ್ನೆ ನನ್ನ ಮೇಜಿಗೆ ಬರುತ್ತದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮ 250 ಸಿಸಿ ಕ್ವಾಡ್ ಬೈಕನ್ನು ಪೂರ್ತಿ ಬಿಚ್ಚಿಸಿ ಜೋಡಿಸಿದೆವು. ಮೂರು ಬೋಲ್ಟ್, ಎರಡು ವಾಷರ್, ಒಂದು ಸ್ಪ್ಲಿಟ್ ಪಿನ್ ಉಳಿದಿವೆ. ‘ಕಂಪನಿಯವರು ಹೆಚ್ಚಿಗೇ ಹಾಕಿರುತ್ತಾರೆ, ಓಡಿಸಿ’ ಎನ್ನುತ್ತಾನೆ ಮೆಕ್ಯಾನಿಕ್. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಮುಂದಿನ ಸಲ ಹೀಗಾಗದಂತೆ ಏನು ಮಾಡಬೇಕು? – ಮೂಡಿಗೆರೆಯಿಂದ ಒಬ್ಬ ಓದುಗರು

ಮುಂದಿನ ಸಲದ ಮಾತು ಆಮೇಲೆ. ಮೊದಲು ಗಾಡಿಯ ಕೀ ತೆಗೆದು ಒಳಗಿಡಿ. ಅತಿಥಿಗಳಿಗೆ ಕೊಡಬೇಡಿ, ನೀವೂ ಹತ್ತಬೇಡಿ.

ಯಾವ ಕಂಪನಿಯೂ ಬೋಲ್ಟ್ ಹೆಚ್ಚಿಗೆ ಹಾಕುವುದಿಲ್ಲ. ಈ ಸುಳ್ಳನ್ನು ಹೇಳುವವನ ಕೈಗೆ ಮತ್ತೆ ಗಾಡಿ ಕೊಡಬೇಡಿ. ನಿಮ್ಮ ಪಟ್ಟಿಯಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಸ್ಪ್ಲಿಟ್ ಪಿನ್, ಅಂದರೆ ನಟ್ ತಿರುಗದಂತೆ ತಡೆಯುವ ಎರಡು ಕಾಲಿನ ಕಡ್ಡಿ. ಅದರ ಜಾಗ ಮೇಲೆ ಸೀಳುಗಳಿರುವ ಕ್ಯಾಸಲ್ ನಟ್‌ನಲ್ಲಿ: ಚಕ್ರದ ಹಬ್, ಬಾಲ್ ಜಾಯಿಂಟ್, ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗ್‌ನ ಟೈ ರಾಡ್ ತುದಿಗಳಲ್ಲಿ. ಪಿನ್ ಇಲ್ಲದ ನಟ್ ಅದುರಿ ಅದುರಿ ಸಡಿಲವಾಗುತ್ತದೆ. ಟೈ ರಾಡ್ ಹೀಗೆ ಕಳಚಿಕೊಂಡ ಒಂದು ಗಾಡಿ ನನ್ನ ಶೆಡ್ಡಿಗೆ ಬಂದಿತ್ತು. ಮುಂದಿನ ಎರಡು ಚಕ್ರಗಳು ಎರಡು ದಿಕ್ಕಿಗೆ ತಿರುಗಿ ನಿಂತಿದ್ದವು. ಓಡಿಸುತ್ತಿದ್ದ ಹುಡುಗನ ಹೆಗಲ ಮೂಳೆ ಮುರಿದಿತ್ತು.

ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಕಾಲುಗಳು ಒಮ್ಮೆ ಬಾಗಿ ನೆಟ್ಟಗಾದ ಗುರುತಿದ್ದರೆ ಅದು ಹಳೆಯದು. ಅದರ ಜಾಗಕ್ಕೆ ಹೊಸದು ಬಿದ್ದಿರಬಹುದು. ಆದರೂ ಟಾರ್ಚ್ ಹಿಡಿದು ಪ್ರತಿ ಕ್ಯಾಸಲ್ ನಟ್ಟನ್ನೂ ಕಣ್ಣಾರೆ ನೋಡಿ. ಖಾಲಿ ಇದ್ದ ಕಡೆ ಹೊಸ ಪಿನ್ ಹಾಕಿ, ಹಳೆಯದನ್ನು ಎಸೆಯಿರಿ. ಪಿನ್ ತೂತು ನಟ್ಟಿನ ಸೀಳಿನ ಸಾಲಿಗೆ ಬರದಿದ್ದರೆ ನಟ್ಟನ್ನು ತುಸು ಬಿಗಿ ಮಾಡಿ ಹೊಂದಿಸಬೇಕು, ಎಂದೂ ಸಡಿಲಿಸಬಾರದು.

ಇನ್ನು ಆ ಮೂರು ಬೋಲ್ಟ್. ಎಂಜಿನ್ನಿನ ಕ್ಲಚ್ ಕವರಿನಲ್ಲಿ ತಲೆ ಒಂದೇ ಅಳತೆಯದಾಗಿದ್ದರೂ ಬೋಲ್ಟ್‌ಗಳ ಉದ್ದ ಬೇರೆ ಬೇರೆ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ. ಕವರ್ ಬಿಗಿಯಾಗದೆ ಆಯಿಲ್ ಜಿನುಗುತ್ತದೆ, ಬಲ ಹಾಕಿದರೆ ಅಲ್ಯೂಮಿನಿಯಂ ಸೀಳುತ್ತದೆ. ಗಿಡ್ಡ ಬೋಲ್ಟ್ ಉದ್ದದ ತೂತಿಗೆ ಹೋದರೆ ಎರಡು ಮೂರು ಸುತ್ತು ಮಾತ್ರ ಕಚ್ಚಿ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಕವರ್ ಜಾಗದಲ್ಲಿಟ್ಟು ಎಲ್ಲ ಬೋಲ್ಟ್‌ಗಳನ್ನೂ ತಿರುಗಿಸದೆ ಸುಮ್ಮನೆ ತೂತಿಗೆ ಇಳಿಬಿಡಿ. ತಲೆಗಳು ಹೆಚ್ಚು ಕಡಿಮೆ ಒಂದೇ ಎತ್ತರಕ್ಕೆ ನಿಲ್ಲಬೇಕು. ಒಂದು ಮಾತ್ರ ಎದ್ದು ಅಥವಾ ಕುಸಿದು ನಿಂತಿದ್ದರೆ ಅದು ಬೇರೆ ತೂತಿನದು.

ಬಿಚ್ಚುವಾಗಲೇ ಮಾಡಬೇಕಾದದ್ದು ಹೀಗೆ. ಹಳೆಯ ರಟ್ಟಿನ ಡಬ್ಬಿಯ ಒಂದು ಮಗ್ಗುಲು ಕತ್ತರಿಸಿ, ಕವರಿನ ಆಕಾರವನ್ನು ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಬೋಲ್ಟ್ ಇರುವ ಕಡೆಯೆಲ್ಲ ಮೊಳೆಯಿಂದ ಚುಚ್ಚಿ. ಕಳಚಿದ ಬೋಲ್ಟನ್ನು ಅದೇ ತೂತಿಗೆ ಸಿಕ್ಕಿಸಿ, ವಾಷರ್ ಅದರ ಕತ್ತಿನಲ್ಲೇ ಇರಲಿ. ಬ್ರೇಕ್ ಪೈಪಿನ ಕ್ಲಿಪ್ ಹಿಡಿದಿದ್ದ ಬೋಲ್ಟಿನ ಪಕ್ಕ ‘ಕ್ಲಿಪ್’ ಎಂದು ಬರೆಯಿರಿ. ಚಾಸಿಯ ಬೋಲ್ಟ್‌ಗಳಿಗೆ ರಟ್ಟೂ ಬೇಡ, ಬಿಚ್ಚಿದ ತೂತಿಗೇ ಎರಡು ಸುತ್ತು ಹಾಕಿಡಿ. ಉಳಿದವು ಜಿಪ್ ಕವರಿಗೆ, ಚೀಟಿ ಕವರಿನ ಒಳಗೆ. ಮೇಲೆ ಮಾರ್ಕರ್‌ನಲ್ಲಿ ಬರೆದರೆ ಪೆಟ್ರೋಲ್ ಕೈ ತಾಗಿದೊಡನೆ ಅಳಿಸಿಹೋಗುತ್ತದೆ. ಪೆನ್ಸಿಲ್ ಅಕ್ಷರ ಉಳಿಯುತ್ತದೆ. ‘ಎಡ ಮುಂದೆ, ಕೆಳಗಿನ ಆರ್ಮ್’ ಎಂದು ಪೂರ್ತಿ ಬರೆಯಿರಿ. ಬರೀ ‘ಸಸ್ಪೆನ್ಷನ್’ ಎಂದರೆ ಬಿಡಿಭಾಗ ಬರುವ ಮೂರು ವಾರದೊಳಗೆ ಬರೆದವನಿಗೇ ಅರ್ಥವಾಗುವುದಿಲ್ಲ.

ಫೋಟೊ ತೆಗೆಯಿರಿ, ಆದರೆ ಬಿಚ್ಚುವ ಮೊದಲು ಮತ್ತು ಗಾಡಿ ತೊಳೆದ ಮೇಲೆ. ಪ್ರತಿ ಭಾಗವನ್ನೂ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ. ಕೆಸರು ಮೆತ್ತಿದ ಕತ್ತಲ ಮೂಲೆಯ ಇನ್ನೂರು ಫೋಟೊ ಕಳಿಸಿ ‘ಈ ವೈರ್ ಎಲ್ಲಿಗೆ?’ ಎಂದು ಕೇಳಿದರೆ ನಾನು ಹೇಗೆ ಹೇಳಲಿ? ವೈರಿನ ಎರಡೂ ತುದಿಗೆ ಟೇಪ್ ಸುತ್ತಿ ಒಂದೇ ಅಂಕಿ ಬರೆದಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ಟೈ ರಾಡಿನ ಒಂದು ತುದಿಗೆ ಉಲ್ಟಾ ಥ್ರೆಡ್ ಇರುತ್ತದೆ. ಸಡಿಲಿಸುವ ಮೊದಲು ಎರಡೂ ಬದಿಯ ಉದ್ದ ಅಳೆದು ಬರೆದಿಡಿ. ಎಂಜಿನ್ನಿನ ವಾಲ್ವ್ ಒತ್ತುವ ಇನ್‌ಲೆಟ್ ಮತ್ತು ಎಗ್ಸಾಸ್ಟ್ ರಾಕರ್‌ಗಳನ್ನು ಎಂದೂ ಬೆರೆಸಬೇಡಿ. ಸವೆದು ಹೊಂದಿಕೊಂಡ ಜೋಡಿಗಳವು.

ಪ್ರಶ್ನೆ: ಬೋಲ್ಟ್‌ಗಳನ್ನೆಲ್ಲ ಒಂದೇ ಬಕೆಟ್ ಡೀಸೆಲ್‌ನಲ್ಲಿ ನೆನೆಹಾಕಬಹುದೇ?

ಬೇಡ. ಒಂದು ಜಿಪ್ ಕವರಿನವನ್ನು ತೊಳೆದು, ಒರೆಸಿ, ಅದೇ ಕವರಿಗೆ ಹಾಕಿದ ಮೇಲೆ ಇನ್ನೊಂದು.

ಪ್ರಶ್ನೆ: ಎಂಜಿನ್ ಕವರಿನಡಿ ಪ್ಯಾಕಿಂಗ್ (ಗ್ಯಾಸ್ಕೆಟ್) ಇದ್ದರೂ ಮೇಲೆ ಸಿಲಿಕೋನ್ ಪೇಸ್ಟ್ ಧಾರಾಳವಾಗಿ ಹಚ್ಚಿದರೆ ಆಯಿಲ್ ಸೋರುವುದಿಲ್ಲವಂತೆ?

ಯಾರು ಹೇಳಿದರೋ ಅವರಿಂದ ದೂರವಿರಿ. ಒಳಕ್ಕೆ ಉಕ್ಕಿದ ಪೇಸ್ಟ್ ತುಂಡಾಗಿ ಆಯಿಲ್ ಜಾಲರಿಯನ್ನು ಕಟ್ಟುತ್ತದೆ, ಎಂಜಿನ್ ಸುಡುತ್ತದೆ.

ಪ್ರಶ್ನೆ: ಟಾರ್ಕ್ ರೆಂಚ್ ನಿಜವಾಗಿಯೂ ಬೇಕೇ? ಕೈ ಅಂದಾಜು ಸಾಲದೇ?

ಬೇಕು. ಬಿಗಿಯ ಬಲವನ್ನು ಅಳೆದು ತೋರಿಸುವ ಸ್ಪ್ಯಾನರ್ ಅದು. ಅಲ್ಯೂಮಿನಿಯಂ ಕವರಿನ 6 ಮಿ.ಮೀ. ಬೋಲ್ಟ್ ಸಾಮಾನ್ಯವಾಗಿ ಕೇಳುವುದು 10 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಗಾಡಿಯ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ನೋಡಿ. ಉದ್ದ ಹಿಡಿಯ ಸ್ಪ್ಯಾನರ್ ಹಿಡಿದ ಗಟ್ಟಿ ಕೈ ಅದನ್ನು ದಾಟಿದ್ದು ಗೊತ್ತಾಗುವುದು ಥ್ರೆಡ್ ಹೋದ ಮೇಲೆಯೇ.