ಹಲ್ಲು ಬಿದ್ದರೆ ಮರೆವು ಹೆಚ್ಚುತ್ತದೆಯೇ?

ಕಲಬುರಗಿಯಲ್ಲಿರುವ ನಿಮ್ಮ ತಾಯಿಯವರಿಗೆ ಹಲ್ಲುಗಳು ಬಿದ್ದ ಮೇಲೆ ಮರೆವು ಹೆಚ್ಚಾಗಿದೆ, ಎರಡಕ್ಕೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಸಂಬಂಧ ಕಂಡುಬಂದಿದೆ; ಆದರೆ ಹಲ್ಲು ಹೋದದ್ದೇ ಮರೆವಿಗೆ ಕಾರಣವೆಂದು ಸಾಬೀತಾಗಿಲ್ಲ.

ವಸಡಿನ ಉರಿಯೂತ ವರ್ಷಗಟ್ಟಲೆ ಉಳಿದರೆ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರಿ ಮಿದುಳಿಗೂ ಹಾನಿ ಮಾಡಬಹುದು ಎಂಬುದು ಒಂದು ವಿವರಣೆ. ವಸಡು ರೋಗದ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಬ್ಯಾಕ್ಟೀರಿಯಾದ ಕುರುಹುಗಳು ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಇದ್ದವರ ಮಿದುಳಿನಲ್ಲಿ ಸಿಕ್ಕಿವೆ ಎಂದು 2019ರ ಅಧ್ಯಯನವೊಂದು ತಿಳಿಸಿತು. ಆದರೆ ಆ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆಯುವ ಔಷಧದ ಪ್ರಯೋಗ 2021ರಲ್ಲಿ ತನ್ನ ಮುಖ್ಯ ಗುರಿಗಳನ್ನು ಮುಟ್ಟಲಿಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಊಟದ ತಟ್ಟೆ. ಖಡಕ್ ರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿ ಹಚ್ಚಿಕೊಂಡು, ಹಸಿ ಮೆಂತ್ಯ ಸೊಪ್ಪಿನೊಂದಿಗೆ ಅಗಿದು ತಿನ್ನುತ್ತಿದ್ದ ಹಿರಿಯರು ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಇಳಿದಾಗ, ಸೊಪ್ಪು ಕಾಳುಗಳು ತಟ್ಟೆಯಿಂದ ಮಾಯವಾಗುತ್ತವೆ. ಬೊಚ್ಚು ಬಾಯಿಯ ಸಂಕೋಚದಿಂದ ಅವರು ನಾಲ್ಕು ಜನರ ನಡುವೆ ಮಾತನ್ನೂ ಕಡಿಮೆ ಮಾಡುತ್ತಾರೆ. ಒಂಟಿತನವಂತೂ ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಸಂಗತಿ.

ಸಂಬಂಧ ತಿರುಗುಮುರುಗಾಗಿಯೂ ಇರಬಹುದು: ಮರೆವು ಮೊದಲು ಬಂದವರು ಹಲ್ಲುಜ್ಜುವುದನ್ನೇ ಬಿಟ್ಟಿರಬಹುದು. ತಂಬಾಕು ಮತ್ತು ಸಕ್ಕರೆ ಕಾಯಿಲೆ ಹಲ್ಲು, ಮಿದುಳು ಎರಡನ್ನೂ ಕೆಡಿಸುತ್ತವೆ.

ಆದ್ದರಿಂದ ತಾಯಿಯವರನ್ನು ದಂತವೈದ್ಯರಿಗೆ ತೋರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ರಾಜ್ಯದ ದಂತಭಾಗ್ಯ ಯೋಜನೆಯಲ್ಲಿ ಕೃತಕ ಹಲ್ಲಿನ ಸೆಟ್ಟಿನ ಬಗ್ಗೆ ವಿಚಾರಿಸಿ. ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಬೇಕು. ಮರೆವನ್ನು ಮಾತ್ರ ಹಲ್ಲಿನ ಮೇಲೆ ಹಾಕಿ ಬಿಡಬೇಡಿ. ವೈದ್ಯರಲ್ಲಿ ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆಗಳನ್ನು ಬೇರೆಯಾಗಿ ಕೇಳಿ ಮಾಡಿಸಿ.