ಗುಜರಿಯಲ್ಲಿ ಸಿಕ್ಕ ರೈಲ್ವೆ ಗೇಟಿನ ಫಲಕ ಎಲ್ಲಿಯದು?

ಪ್ರಶ್ನೆ: ಉಡುಪಿಯ ಗುಜರಿ ಅಂಗಡಿಯೊಂದರಲ್ಲಿ ಎರಕದ ಕಬ್ಬಿಣದ ಭಾರೀ ಫಲಕವೊಂದನ್ನು ಕೊಂಡೆ. ಇಂಗ್ಲಿಷಿನ ಉಬ್ಬಕ್ಷರದಲ್ಲಿ ‘ಬಿವೇರ್ ಆಫ್ ಟ್ರೇನ್ಸ್’ ಎಂದಿದೆ, ಕೆಳಗೆ ‘ಎಸ್.ಐ.ಆರ್.’ ಎಂದಿದೆ. ಉಡುಪಿಯಲ್ಲಿ ಬ್ರಿಟಿಷರ ಕಾಲದಲ್ಲಿದ್ದ ಗೇಟಿನದು ಎಂದು ಅಂಗಡಿಯವರು ಹೇಳಿದರು. ನಿಜವೇ? ತುಕ್ಕು ಉಜ್ಜಿ ಬಣ್ಣ ಹೊಡೆಯಬಹುದೇ?
– ಓದುಗರು, ಮಣಿಪಾಲ

ಉತ್ತರ: ಫಲಕ ಹಳೆಯದಿರಬಹುದು, ಆದರೆ ಉಡುಪಿಯದಂತೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಉಡುಪಿಗೆ ರೈಲೇ ಇರಲಿಲ್ಲ. ಮಂಗಳೂರಿನಿಂದ ಉಡುಪಿಗೆ ಕೊಂಕಣ ರೈಲ್ವೆಯ ಗಾಡಿ ಓಡತೊಡಗಿದ್ದು 1993ರಲ್ಲಿ.

ನಿಮಗೆ ಸಿಕ್ಕಿರುವ ಗಟ್ಟಿ ಸುಳಿವೆಂದರೆ ಆ ಮೂರಕ್ಷರ. ಅದು ಸೌತ್ ಇಂಡಿಯನ್ ರೈಲ್ವೆ. ಮಂಗಳೂರಿಗೆ ಹಳಿ ತಂದದ್ದು ಮದ್ರಾಸ್ ರೈಲ್ವೆ, 1907ರಲ್ಲಿ. ಮರುವರ್ಷವೇ ಜೋಲಾರಪೇಟೆ–ಮಂಗಳೂರು ಮಾರ್ಗ ಸೌತ್ ಇಂಡಿಯನ್ ಕಂಪನಿಯ ಕೈಗೆ ಹೋಯಿತು. 1951ರ ಏಪ್ರಿಲ್ 14ರಂದು ಅದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಹಾಗಾಗಿ ಫಲಕ ನಮ್ಮ ಕರಾವಳಿಯದೇ ಆಗಿದ್ದರೆ 1908 ಮತ್ತು 1951ರ ನಡುವಿನದು. ಆದರೆ ಇದೇ ಕಂಪನಿಯ ಹಳಿ ತಿರುಚಿರಾಪಳ್ಳಿ, ಮಧುರೈ, ರಾಮೇಶ್ವರದ ತನಕವೂ ಇತ್ತು. ಗುಜರಿ ಮಾಲು ಲಾರಿಯಲ್ಲಿ ಎಲ್ಲಿಂದೆಲ್ಲಿಗೋ ಬರುತ್ತದೆ. ಉಳ್ಳಾಲದ್ದು, ಪಾಂಡೇಶ್ವರದ್ದು ಎಂದು ಹೇಳಬೇಕಾದರೆ ಗೇಟ್ ನಂಬರೋ ಊರಿನ ಹೆಸರೋ ಬೇಕು. ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎರಕದ ಗುರುತು, ಬಣ್ಣದಲ್ಲಿ ಬರೆದ ಅಂಕೆ ಉಳಿದಿದ್ದರೆ ಕಾಣುತ್ತದೆ.

ಬರೀ ‘ಎಸ್.ಆರ್.’ ಎಂದಿರುವ ಫಲಕ ಸಿಕ್ಕವರು ಮಾತ್ರ ತಾಳ್ಮೆ ತೆಗೆದುಕೊಳ್ಳಬೇಕು. ಅದು 1951ರ ನಂತರದ ನಮ್ಮ ದಕ್ಷಿಣ ರೈಲ್ವೆಯೂ ಆಗಬಹುದು, 1923ರಿಂದ 1947ರವರೆಗೆ ಇಂಗ್ಲೆಂಡಿನಲ್ಲಿದ್ದ ಸದರ್ನ್ ರೈಲ್ವೆಯೂ ಆಗಬಹುದು. ಹಿಂದಿ ಅಕ್ಷರ ಜೊತೆಗಿದ್ದರೆ ಸಂಶಯವೇ ಬೇಡ. ದೂರವನ್ನು ಫರ್ಲಾಂಗಿನಲ್ಲಿ ಕೊಟ್ಟಿದ್ದರೆ ಮೆಟ್ರಿಕ್ ಪದ್ಧತಿ ಬರುವ ಮುಂಚಿನದು. ಅತಿಕ್ರಮ ಪ್ರವೇಶದ ಎಚ್ಚರಿಕೆಯಿದ್ದರೆ ಕಾನೂನಿನ ಸೆಕ್ಷನ್ ಓದಿ: 122 ಎಂದಿದ್ದರೆ 1890ರ ರೈಲ್ವೆ ಕಾಯ್ದೆ, 147 ಎಂದಿದ್ದರೆ 1989ರದ್ದು. ತುಕ್ಕಿಗಿಂತ ಇಂಥ ಸಾಲುಗಳನ್ನು ನಾನು ಹೆಚ್ಚು ನಂಬುತ್ತೇನೆ. ನಮ್ಮ ಉಪ್ಪುಗಾಳಿಗೆ, ಮಳೆಗೆ ಹೊಸ ಕಬ್ಬಿಣವೂ ಎರಡು ಮಳೆಗಾಲದಲ್ಲಿ ಮುದುಕಾಗುತ್ತದೆ.

ಫಲಕದ ಜೊತೆ ಕಂಬವೂ ಬಂದಿದ್ದರೆ, ಅದು ಹಳೆಯ ಹಳಿಯ ತುಂಡಾಗಿದ್ದರೆ, ಅದರ ನಡುಪಟ್ಟಿಯಲ್ಲಿ ತಯಾರಕರ ಹೆಸರು, ಇಸವಿ ಉಬ್ಬಿಕೊಂಡಿರುತ್ತವೆ. ಅದು ಹಳಿ ಹುಟ್ಟಿದ ವರ್ಷ. ಸವೆದ ಹಳಿಯನ್ನೇ ಕತ್ತರಿಸಿ ಕಂಬ ಮಾಡುತ್ತಿದ್ದುದರಿಂದ ಫಲಕ ಅದಕ್ಕಿಂತ ಎಷ್ಟೋ ಈಚಿನದಾಗಿರಬಹುದು.

ಇನ್ನು ನಕಲಿಯ ವಿಚಾರ. ಅಸಲಿ ಫಲಕವನ್ನೇ ಅಚ್ಚಾಗಿಟ್ಟು ಎರಕ ಹೊಯ್ದರೆ, ಕಬ್ಬಿಣ ತಣಿಯುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ನಕಲು ಅಸಲಿಗಿಂತ ತುಸು ಚಿಕ್ಕದು, ಅಕ್ಷರದ ಅಂಚು ಮೊಂಡು. ಬೋಲ್ಟ್ ತೂತಿನ ಸುತ್ತ ಸವಕಳಿಯೇ ಇಲ್ಲದೆ, ಎಲ್ಲೆಡೆ ಒಂದೇ ಕಿತ್ತಳೆ ಬಣ್ಣದ ತುಕ್ಕಿದ್ದರೆ ಅನುಮಾನಿಸಿ.

ದಯವಿಟ್ಟು ಬಣ್ಣ ಹೊಡೆಯಬೇಡಿ, ಗ್ರೈಂಡರ್ ಮುಟ್ಟಿಸಲೇಬೇಡಿ. ಪದರ ಪದರವಾಗಿ ಉಳಿದ ಹಳೆಯ ಬಣ್ಣವೇ ಆ ಫಲಕದ ದಾಖಲೆ. ಒಮ್ಮೆ ಉಜ್ಜಿ ಹೋದರೆ ಮತ್ತೆ ಸಿಗುವುದಿಲ್ಲ. ಮೆದು ಬ್ರಷ್‌ನಿಂದ ಸಡಿಲ ತುಕ್ಕನ್ನಷ್ಟೇ ತೆಗೆದು, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ತೆಳ್ಳಗೆ ಮೇಣ ಸವರಿ ಒಳಗಿಡಿ. ಖರೀದಿಯ ರಶೀದಿ ಕೇಳಿ ಪಡೆಯಿರಿ. ರೈಲ್ವೆಯ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಡಿ ಅಪರಾಧ. ಹರಾಜಿನಲ್ಲಿ ಬಂದ ಮಾಲು ಎಂಬುದಕ್ಕೆ ಕಾಗದವಿರಲಿ.

ಪ್ರಶ್ನೆ: ಗುಣಿಸು ಚಿಹ್ನೆಯಂತೆ ಎರಡು ಪಟ್ಟಿ ಜೋಡಿಸಿದ, ‘ರೈಲ್‌ರೋಡ್ ಕ್ರಾಸಿಂಗ್’ ಎಂದು ಬರೆದ ಫಲಕವನ್ನು ಹಳೆಯ ಮಂಗಳೂರಿನದೆಂದು ಮಾರುತ್ತಿದ್ದಾರೆ. ಅಕ್ಷರಗಳಲ್ಲಿ ಗಾಜಿನ ಗೋಲಿಗಳಿವೆ. ಕೊಳ್ಳಲೇ?
– ಓದುಗರು, ಮಂಗಳೂರು

ಉತ್ತರ: ಮಂಗಳೂರಿನದೆಂಬ ಬೆಲೆಗೆ ಕೊಳ್ಳಬೇಡಿ. ಆ ಆಕಾರ, ಆ ಬರಹ ಎರಡೂ ಅಮೆರಿಕದವು. ಗೋಲಿಗಳು ವಾಹನದ ದೀಪಕ್ಕೆ ಹೊಳೆಯಲೆಂದು ಕೂರಿಸಿದವು. ಅಸಲಿಯಾದರೆ ಅಮೆರಿಕನ್ ಸಂಗ್ರಹಕ್ಕೆ ಒಳ್ಳೆಯ ವಸ್ತುವೇ. ನಮ್ಮ ರಸ್ತೆಗಳಲ್ಲಿ ಗೇಟಿನ ಮುನ್ಸೂಚನೆ ಕೆಂಪಂಚಿನ ತ್ರಿಕೋನ: ಕಾವಲಿದ್ದರೆ ಒಳಗೆ ಗೇಟಿನ ಚಿತ್ರ, ಕಾವಲಿಲ್ಲದಿದ್ದರೆ ಉಗಿಬಂಡಿಯ ಚಿತ್ರ. ಬ್ರಾಡ್‌ಗೇಜ್ ಹಳಿಗಳ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ತೆಗೆದುಹಾಕಿದ್ದಾರೆ. ಉಗಿಬಂಡಿಯ ತ್ರಿಕೋನ ಎಲ್ಲಾದರೂ ಗುಜರಿಗೆ ಬಂದಿದ್ದರೆ, ನಾನಾದರೆ ಮೊದಲು ಅದನ್ನು ಕೊಳ್ಳುತ್ತೇನೆ.